ಅರ್ಧ ಲೀಟರ್ ಹೆಚ್ಚಿನ ದಿನಗಳು

ನಮ್ಮ ಹಿತ್ತಲಿಗೂ ವೈನಿಯವರ ಹಿತ್ತಲಿಗೂ ನಡುವೆ ಇರುವುದು ಮೂರೆಳೆ ತಂತಿಯ ಬೇಲಿ. ಅದರ ಮೇಲೆ ತೊಂಡೆಬಳ್ಳಿ ಹಬ್ಬಿ ತಂತಿ ಎಲ್ಲಿದೆ ಎಂಬುದೇ ಈಗ ಕಾಣುವುದಿಲ್ಲ. ಬೇರು ನಮ್ಮ ಕಡೆ, ಕಾಯಿ ಜಾಸ್ತಿ ಬಿಡುವುದು ಅವರ ಕಡೆ. ಕಾಯಿ ಹರಿಯುವ ನೆವದಲ್ಲಿ ಸಂಜೆಯ ಚಹಾ ಮುಗಿಸಿ ಇಬ್ಬರೂ ಅಲ್ಲಿ ಬಂದು ನಿಲ್ಲುತ್ತೇವೆ. ಕಬ್ಬಿನ ಬಿಲ್ಲು ಬಂತೋ ಇಲ್ಲವೋ, ಯಾರ ಮನೆಯ ಎಮ್ಮೆ ಈಯಿತು, ಕಾಗಲ್ ಸಂತೆಯಲ್ಲಿ ಬೆಳ್ಳುಳ್ಳಿ ಎಷ್ಟಾಗಿದೆ, ಟೋಲ್ ನಾಕಾದ ಹತ್ತಿರ ಲಾರಿ ಏಕೆ ಸಾಲುಗಟ್ಟಿವೆ, ಇಂಥವೇ ಮಾತು. ನಾನು ಶಾಲೆಯ ಕೆಲಸಕ್ಕೆಂದು ಕೊಗನೊಳ್ಳಿಗೆ ಬಂದು ಮನೆ ಮಾಡಿದಾಗಿನಿಂದ ನಡೆದುಬಂದ ರೂಢಿ ಇದು.

2023ರ ಅಧಿಕ ಶ್ರಾವಣದಲ್ಲಿ ಆ ಮಾತು ಸೊರಗಿತ್ತು. ಜೂನ್ ಕೊನೆಗೆ ದಾದಾ, ಅಂದರೆ ವೈನಿಯವರ ಯಜಮಾನರು, ತೀರಿಕೊಂಡಿದ್ದರು. ವೈನಿ ಬೇಲಿಗೆ ಬರುತ್ತಿದ್ದರು, ಎಳೆಗಾಯಿ ಹಣ್ಣುಗಾಯಿ ನೋಡದೆ ಕೈಗೆ ಸಿಕ್ಕದ್ದನ್ನು ಹರಿದು ಸೆರಗಿಗೆ ಹಾಕಿಕೊಂಡು ಹೋಗುತ್ತಿದ್ದರು. ನಾನೂ ಕೆದಕಿರಲಿಲ್ಲ. ಒಂದು ಸಂಜೆ ಮಳೆ ಹೊಳವಾದಾಗ ಅವರೇ ಬಾಯಿ ತೆಗೆದರು.

“ಅಕ್ಕೋರ, ನೀವ ಅವಗ ಸಾಲ್ಯಾಗ ಏನ ಕಲಿಸಿದ್ರಿ?”

ನನಗೆ ಯಾರ ವಿಷಯ ಎಂದು ಕೇಳುವ ಅಗತ್ಯವಿರಲಿಲ್ಲ. ಅವರ ಮಗ ನನ್ನ ಕೈಯಲ್ಲಿ ಐದನೆಯ ಇಯತ್ತೆಯಿಂದ ಏಳರವರೆಗೆ ಕಲಿತವನು. ಇಂಗ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ.

“ಹದಿಮೂರ ದಿನಾ ಆತು, ಮತ್ತ ಮೂರ ದಿನಾ ಇದ್ದ, ಬ್ಯಾಗ ಕಟ್ಟಿದ, ಹ್ವಾದ. ಅಪ್ಪನ ತಿಂಗಳ ಎಡಿಗಾದ್ರೂ ಇರೂದ ಬ್ಯಾಡ್ರಿ? ಮಂದಿ ಕೇಳ್ತಾರ, ಅಷ್ಟ ಅವಸರ ಏನಿತ್ತು ನಿನ್ನ ಮಗಗ ಅಂತ. ನಾ ಏನ ಹೇಳ್ಲಿ?”

ಅವಸರ ಏನಿತ್ತು ಎಂಬುದು ನನಗೆ ಗೊತ್ತಿತ್ತು. ಹೊರಡುವ ಹಿಂದಿನ ರಾತ್ರಿ ಆ ಹುಡುಗ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂತಿದ್ದ. ಮೊಬೈಲಿನಲ್ಲಿ ಒಂದು ಪಟ್ಟಿ ತೆಗೆದು ತೋರಿಸಿದ. ಬಂದ ತಾರೀಖು, ಹೋದ ತಾರೀಖು, ನಡುವಿನ ದಿನಗಳು. “ಈ ವರ್ಷ ನಂದ 78 ಆತ್ರಿ ಅಕ್ಕೋರ” ಎಂದ. “ಅವ್ವಗ ಹೇಳೀಯೇನಪಾ?” ಎಂದು ಕೇಳಿದೆ. ತಲೆ ಅಲ್ಲಾಡಿಸಿದ. “ಅಪ್ಪ ಸತ್ತ ಮನಿಯಾಗ ಕುಂತ ದಿನಾ ಹೆಂಗ ಎಣಸ್ಲಿ? ಆಕಿ ಮುಂದ ಹೆಂಗ ಹೇಳ್ಲಿ?”

ಹೇಳದೆಯೇ ಹೋದ. ಎರಡು ವಾರ ನಾನೂ ಸುಮ್ಮನಿದ್ದೆ. ಆ ಸಂಜೆ ವೈನಿಯ ಮುಖ ನೋಡಿದ ಮೇಲೆ ಸುಮ್ಮನಿರುವುದು ತಪ್ಪು ಅನ್ನಿಸಿತು. ತಂತಿಗೆ ಒರಗಿ, ಆ ಹುಡುಗ ನನಗೆ ಹೇಳಿದ್ದನ್ನೆಲ್ಲ ಅವರಿಗೆ ಹೇಳಿದೆ.

ಬ್ರಿಟನ್ನಿನಲ್ಲಿ ಪೌರತ್ವ ಬೇಡುವವನು ಅಲ್ಲಿ ಐದು ವರ್ಷ ನೆಲೆಸಿರಬೇಕು. ಅದರಲ್ಲಿ ಕೊನೆಯ ಒಂದು ವರ್ಷ ಕಾಯಂ ವಾಸದ ಪರವಾನಗಿ ಕೈಯಲ್ಲಿರಬೇಕು. 1981ರ ಅವರ ಪೌರತ್ವ ಕಾಯಿದೆಯ ಪ್ರಕಾರ ಆ ಐದು ವರ್ಷದಲ್ಲಿ ದೇಶದ ಹೊರಗೆ ಕಳೆದ ದಿನಗಳು 450 ದಾಟಬಾರದು, ಅರ್ಜಿಗೆ ಮುಂಚಿನ 12 ತಿಂಗಳಲ್ಲಿ 90 ದಾಟಬಾರದು. ಹೋದ ದಿನವನ್ನೂ ಮರಳಿದ ದಿನವನ್ನೂ ಹಿಡಿಯುವುದಿಲ್ಲ, ನಡುವಿನ ಪೂರ್ತಿ ದಿನಗಳನ್ನಷ್ಟೇ ಎಣಿಸುತ್ತಾರೆ. ಇನ್ನೊಂದು ಷರತ್ತು ಬಹಳ ಜನರಿಗೆ ತಿಳಿದಿರುವುದಿಲ್ಲ. ಅರ್ಜಿ ಹಾಕುವ ದಿನದಿಂದ ಹಿಂದಕ್ಕೆ ಐದು ವರ್ಷ ಎಣಿಸಿದರೆ ಯಾವ ದಿನ ಬರುತ್ತದೋ ಆ ದಿನ ಮನುಷ್ಯ ಆ ನೆಲದ ಮೇಲೆ ಇದ್ದಿರಬೇಕು. ಇವನ ಕಾಯಂ ಪರವಾನಗಿಗೆ ವರ್ಷ ತುಂಬುವುದು 2023ರ ಅಕ್ಟೋಬರಿನಲ್ಲಿ. ಅಂದೇ ಅರ್ಜಿ ಹಾಕಬಹುದಿತ್ತು. ಆದರೆ 2018ರ ಅಕ್ಟೋಬರಿನಲ್ಲಿ ಅವನು ದಸರೆಗೆಂದು ಊರಿಗೆ ಬಂದಿದ್ದ. ನಾವೆಲ್ಲ ಬನ್ನಿ ಕೊಟ್ಟು ಬಂಗಾರದಂಗ ಇರೋಣ ಎಂದ ಆ ದಿನವೇ ಐದು ವರ್ಷದ ಮೇಲೆ ಅವನ ಅರ್ಜಿಯನ್ನು ತಡೆದು ನಿಂತಿತ್ತು. ಹೀಗಾಗಿ ನವೆಂಬರ್‌ವರೆಗೆ ಕಾಯಬೇಕಾಯಿತು.

ನವೆಂಬರ್‌ನಿಂದ ಹಿಂದಿನ 12 ತಿಂಗಳ ಲೆಕ್ಕ ಹೀಗಿತ್ತು. ತಂಗಿಯ ಮದುವೆಗೆ ಬಂದದ್ದು 22 ದಿನ. ದಾದಾ ಮೊದಲ ಸಲ ದವಾಖಾನೆ ಸೇರಿದಾಗ ಬಂದು ಕೊಲ್ಲಾಪುರದಲ್ಲಿ ಅವರ ಮಗ್ಗುಲಲ್ಲಿ ಕಳೆದದ್ದು 41. ಈಗ ಈ ಸಾವಿಗೆ 15. ಒಟ್ಟು 78. ಉಳಿದದ್ದು 12.

“ಹನ್ನೆರಡ ದಿನಾ ಉಳದಿದ್ದೂವಲ್ಲ, ಮತ್ತ ಯಾಕ ಹ್ವಾದ?” ಎಂದರು ವೈನಿ. ಪ್ರಶ್ನೆ ಸರಿಯಾದದ್ದೇ. ಆ ಹುಡುಗನನ್ನು ನಾನೂ ಅದನ್ನೇ ಕೇಳಿದ್ದೆ.

“ಇಟಗೊಂಡಾನ್ರಿ ವೈನಿ.”

“ಯಾರಿಗಂತ?”

“ನಿಮಗ. ಅಪ್ಪ ಹಿಂಗ ಹ್ವಾದ ಮ್ಯಾಲ ಅವ್ವಗ ಏನರ ಆದ್ರ ಓಡಿ ಬರಾಕ ದಿನಾ ಬೇಕಲ್ರಿ ಅಂದ.”

ವೈನಿ ಏನೂ ಅನ್ನಲಿಲ್ಲ. ಸೆರಗಿನಲ್ಲಿದ್ದ ತೊಂಡೆಕಾಯಿಯನ್ನು ನನ್ನ ಬುಟ್ಟಿಗೆ ಸುರಿದು ಒಳಗೆ ಹೋದರು. ಅಂದು ಅವರ ಮನೆಯಲ್ಲಿ ದೀಪ ಹತ್ತಿದ್ದು ತಡವಾಗಿ.

ಹೇಳಿದ್ದು ಸರಿಯೋ ಎಂದು ರಾತ್ರಿಯೆಲ್ಲ ಯೋಚಿಸಿದೆ. ಸರಿ ಎಂದೇ ಈಗಲೂ ಅನ್ನುತ್ತೇನೆ, ಏಕೆಂದರೆ ಈ ಲೆಕ್ಕ ಗೊತ್ತಿಲ್ಲದೆ ನಾನು ನನ್ನ ಮಗಳ ಮೇಲೆ ಮೂರು ತಿಂಗಳು ಮುನಿಸಿಕೊಂಡಿದ್ದವಳು. ಅವಳಿರುವುದು ಕೆನಡಾದಲ್ಲಿ. ನನ್ನ ಮೊಣಕಾಲಿನ ಆಪರೇಷನ್ ನಿಗದಿಯಾದಾಗ, “ಅವ್ವಾ, ಇನ್ನ ನಲವತ್ತ ದಿನಾ ಕಡಿಮಿ ಅದಾವ, ಅವು ಮುಗದ ಕೂಡ್ಲೆ ಬರ್ತೀನಿ” ಎಂದಳು. ಫೋನು ಇಟ್ಟುಬಿಟ್ಟೆ. ತಾಯಿಯ ಕಾಲಿಗಿಂತ ಯಾವ ನಲವತ್ತು ದಿನ ದೊಡ್ಡದು ಎಂಬ ಸಿಟ್ಟು. ಆಮೇಲೆ ಅಳಿಯ ಕೂತು ಬಿಡಿಸಿ ಹೇಳಿದ. ಕೆನಡಾದವರು ಹೊರಗೆ ಇದ್ದ ದಿನಗಳನ್ನು ಎಣಿಸುವುದಿಲ್ಲ, ಒಳಗೆ ಇದ್ದ ದಿನಗಳನ್ನು ಎಣಿಸುತ್ತಾರೆ. ಅರ್ಜಿಗೆ ಮುಂಚಿನ ಐದು ವರ್ಷದಲ್ಲಿ 1,095 ದಿನ ಅಲ್ಲಿದ್ದಿರಬೇಕು. ಕಾಯಂ ವಾಸಿ ಆಗುವ ಮೊದಲು ವಿದ್ಯಾರ್ಥಿಯಾಗಿಯೋ ಕೆಲಸದ ವೀಸಾದ ಮೇಲೋ ಕಳೆದ ಒಂದೊಂದು ದಿನಕ್ಕೆ ಅರ್ಧ ದಿನದ ಬೆಲೆ, ಅದೂ ಹೆಚ್ಚೆಂದರೆ 365 ದಿನದವರೆಗೆ. ನನ್ನ ಮಗಳು ಹಿಮದಲ್ಲಿ ನಡೆದು ಕಾಲೇಜಿಗೆ ಹೋದ ಎರಡೂವರೆ ವರ್ಷಕ್ಕೆ ಸಿಕ್ಕದ್ದು ಆ 365. ಉಳಿದ 730 ದಿನವನ್ನು ಪೂರ್ತಿ ದಿನಗಳಾಗಿಯೇ ತುಂಬಬೇಕಿತ್ತು. ಇಲ್ಲಿಗೆ ಬಂದು ಒಂದು ದಿನ ಇದ್ದರೆ ಅಲ್ಲಿ ಅರ್ಜಿ ಒಂದು ದಿನ ಮುಂದೆ ಹೋಗುತ್ತದೆ.

ಇಷ್ಟು ತಿಳಿದಿದ್ದರೆ ನಾನು ಆಪರೇಷನ್ನನ್ನೇ ನಲವತ್ತು ದಿನ ಮುಂದೂಡಬಹುದಿತ್ತು. ಡಾಕ್ಟರು ಬೇಡ ಅನ್ನುತ್ತಿರಲಿಲ್ಲ. ಅವಳು ಬಿಡಿಸಿ ಹೇಳಲು ಹಿಂಜರಿದಳು, ನಾನು ಕೇಳಲಿಲ್ಲ. ಈಗ ಹೊರದೇಶಕ್ಕೆ ಹೊರಟ ನನ್ನ ಹಳೆಯ ಮಕ್ಕಳು ಕಾಲಿಗೆ ಬಿದ್ದು ಹೋಗಲು ಬಂದರೆ ನಾನು ಹೇಳುವುದು ಒಂದೇ: ನಿನ್ನ ದಿನದ ಲೆಕ್ಕವನ್ನು ನಿನ್ನ ಅವ್ವ ಅಪ್ಪನಿಗೆ ಬಿಡಿಸಿ ಹೇಳು. ಅವರು ಓದಿರಲಿ ಬಿಡಲಿ, ಹಾಲಿನ ಲೆಕ್ಕ, ಬೀಡಿಯ ಲೆಕ್ಕ, ಕಬ್ಬಿನ ಟನ್ನಿನ ಲೆಕ್ಕ ಮಾಡಿದ ಜನ ಅವರು.

ಮರುದಿನ ವೈನಿ ಬೇಲಿಗೆ ಬೇಗ ಬಂದರು. ರಾತ್ರಿಯೆಲ್ಲ ಯೋಚಿಸಿದ್ದು ಕಣ್ಣಲ್ಲೇ ಕಾಣುತ್ತಿತ್ತು.

“ಹಂಗಾದ್ರ ಕೊರೊನಾದಾಗ ಇಲ್ಲೇ ಸಿಕ್ಕೊಂಡಿದ್ದನಲ್ರಿ, ಆ ದಿನಾ?”

ಅವೂ ಲೆಕ್ಕಕ್ಕೆ ಸೇರುತ್ತವೆ ಎಂದೆ. 2020ರ ಮಾರ್ಚ್ 6ರಂದು ಲಂಡನ್ ಬಿಟ್ಟು ಎರಡು ವಾರದ ರಜೆಗೆಂದು ಬಂದವನು. ಹೊರದೇಶದ ವಿಮಾನ ಬಂದಾದವು, ಹಿಂದೆಯೇ ಲಾಕ್‌ಡೌನ್. ಅವನು ಲಂಡನ್ ಮುಟ್ಟಿದ್ದು ಆಗಸ್ಟ್ 20ಕ್ಕೆ. ನಡುವೆ 166 ದಿನ. 450ರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಒಂದೇ ಏಟಿಗೆ ಹೋದವು.

“ಅವು ನನ್ನ ಚಲೋ ದಿನಾ ಇದ್ದೂ” ಎಂದರು ವೈನಿ ಮೆಲ್ಲಗೆ.

ನನಗೂ ನೆನಪಿದೆ. ಮಾಳಿಗೆಯ ಮೇಲೆ ನೆಟ್‌ವರ್ಕ್ ಸಿಗುತ್ತದೆಂದು ಜ್ವಾಳದ ಚೀಲಗಳ ನಡುವೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದ. ಅಲ್ಲಿಯ ಬೆಳಗು ನಮ್ಮ ಮಧ್ಯಾಹ್ನ, ಹೀಗಾಗಿ ಮುಂಜಾನೆ ಪೂರ್ತಿ ಅಪ್ಪನ ಜೊತೆ ಹೊಲದಲ್ಲಿ. ದಾದಾ ಆಗ ಗಟ್ಟಿಯಾಗಿದ್ದರು. ಮಗನಿಗೆ ಕಬ್ಬಿಗೆ ನೀರು ಕಟ್ಟುವುದನ್ನು ಮತ್ತೊಮ್ಮೆ ಕಲಿಸಿದರು. ಲಂಡನ್ನಿನ ಲೆಕ್ಕದ ವಹಿಯಲ್ಲಿ ಆ ದಿನಗಳ ಹೆಸರು ಗೈರುಹಾಜರಿ. ತಂದೆಗೂ ಮಗನಿಗೂ ಒಟ್ಟಿಗೆ ಸಿಕ್ಕ ಕೊನೆಯ ಉದ್ದನೆಯ ಕಾಲ ಅದೇ.

ಆ ದಿನಗಳಲ್ಲಿ ನಮ್ಮೂರಿಗೆ ಗಡಿ ಎಂದರೆ ಏನು ಎಂಬುದೂ ಗೊತ್ತಾಯಿತು. ಕೊಗನೊಳ್ಳಿಯವರಿಗೆ ಮಹಾರಾಷ್ಟ್ರದ ಕಾಗಲ್ ಎಂದರೆ ಪಕ್ಕದ ಊರು, ದೂಧಗಂಗೆ ದಾಟಿದರೆ ಮುಗಿಯಿತು. ಎಷ್ಟೋ ಮಂದಿ ಕಾಗಲ್ ಎಂಐಡಿಸಿಯ ಕಾರ್ಖಾನೆಗಳಿಗೆ ಬೆಳಿಗ್ಗೆ ಹೋಗಿ ಸಂಜೆ ಬರುತ್ತಾರೆ. ದವಾಖಾನೆಗೆ ಕೊಲ್ಲಾಪುರ, ಕೋರ್ಟು ಕಚೇರಿಗೆ ಚಿಕ್ಕೋಡಿ ಬೆಳಗಾವಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕೆಲವು ಮನೆಗಳಲ್ಲಿ ಇದರ ತಿರುವುಮುರುವು. ಅಂಥ ಊರಿನ ಹೆದ್ದಾರಿಯ ಮೇಲೆ 2020ರಲ್ಲಿ ಬ್ಯಾರಿಕೇಡ್ ಬಿತ್ತು, ಸೇವಾ ಸಿಂಧು ಪಾಸ್ ಇಲ್ಲದೆ ಒಳಗೆ ಬಿಡಲಿಲ್ಲ. 2021ರಲ್ಲಿ ಮಹಾರಾಷ್ಟ್ರದಿಂದ ಬರುವವರಿಗೆ ಆರ್‌ಟಿಪಿಸಿಆರ್ ವರದಿ ಕಡ್ಡಾಯವಾಗಿ ಟಿವಿಯವರೆಲ್ಲ ಕೊಗನೊಳ್ಳಿ ಚೆಕ್‌ಪೋಸ್ಟ್ ಎಂದು ನಮ್ಮೂರ ಹೆಸರು ಹೇಳತೊಡಗಿದರು. ಕಾಗಲ್‌ನಲ್ಲಿರುವ ನನ್ನ ತಂಗಿ ಸೇತುವೆಯ ಆಚೆ ನಿಂತು ಫೋನಿನಲ್ಲಿ ಮಾತಾಡಿ ಹೋದಳು.

ನಮ್ಮ ಹಿರಿಯರನ್ನು ಮಾತ್ರ ಯಾರೂ ಹೀಗೆ ಎಣಿಸಲಿಲ್ಲ. 1956ರ ಅಕ್ಟೋಬರ್ 31ರ ರಾತ್ರಿ ಮುಂಬೈ ರಾಜ್ಯದಲ್ಲಿ ಮಲಗಿದವರು ಮರುದಿನ ಮೈಸೂರು ರಾಜ್ಯದಲ್ಲಿ ಎದ್ದರು. ರಾಯಬಾಗದವರು ಅದಕ್ಕೂ ಮೊದಲು ಕೊಲ್ಲಾಪುರ ಸಂಸ್ಥಾನದ ಪ್ರಜೆಗಳು. 1949ರ ಮಾರ್ಚ್ 1ರಂದು ಸಂಸ್ಥಾನ ಮುಂಬೈ ಪ್ರಾಂತದಲ್ಲಿ ವಿಲೀನವಾದ ಮೇಲೆ ಬೆಳಗಾವಿ ಜಿಲ್ಲೆಗೆ ಸೇರಿದರು. ಎಷ್ಟು ರಾತ್ರಿ ಎಲ್ಲಿ ಮಲಗಿದ್ದೆ ಎಂದು ಒಬ್ಬರನ್ನೂ ಕೇಳಲಿಲ್ಲ. ಮನುಷ್ಯ ಕೂತಲ್ಲೇ ಕೂತಿದ್ದ, ಗೆರೆ ಸರಿಯಿತು. ಇವತ್ತಿನ ಮಕ್ಕಳ ಪಾಡು ಬೇರೆ. ಗೆರೆ ಗಟ್ಟಿಯಾಗಿ ನಿಂತಿದೆ, ಅದನ್ನು ದಾಟಿ ಹೋದವರು ದಿನದಿನಕ್ಕೂ ಪುರಾವೆ ಇಟ್ಟುಕೊಳ್ಳಬೇಕು.

ದೇಶದೊಳಗೂ ಅಂಥ ಪುರಾವೆ ಕೇಳುವ ಜಾಗಗಳುಂಟು. ಸಿಇಟಿಯಲ್ಲಿ ಕರ್ನಾಟಕದ ಸೀಟು ಬೇಕಾದರೆ ಒಂದನೆಯ ತರಗತಿಯಿಂದ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ಈ ರಾಜ್ಯದಲ್ಲಿ ಓದಿರಬೇಕು ಎಂಬುದು ಮುಖ್ಯ ನಿಯಮ. ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲ್ಲೂಕುಗಳ ಕನ್ನಡ ಮಕ್ಕಳಿಗೆ ಗಡಿನಾಡ ಕನ್ನಡಿಗರೆಂದು ಬೇರೆ ದಾರಿ ಇದೆ. ಕಾಗಲ್ ಆ ಪಟ್ಟಿಯಲ್ಲಿಲ್ಲ. ನಮ್ಮೂರಿನ ಮಗುವನ್ನು ಒಳ್ಳೆಯ ಶಾಲೆ ಎಂದು ನದಿಯಾಚೆ ಸೇರಿಸಲು ಹೊರಟ ಪಾಲಕರಿಗೆ ನಾನು ಮೊದಲು ಹೇಳುತ್ತಿದ್ದದ್ದೇ ಈ ಏಳು ವರ್ಷದ ಮಾತು.

“ಮತ್ತ ನಮ್ಮ ದೇಶಕ್ಕ ಬಂದವ್ರಿಗೆ?” ಎಂದು ಕೇಳಿದರು ವೈನಿ. “ಅವ್ರನ್ನೂ ನಾವು ಹಿಂಗ ಎಣಸ್ತೀವೇನು?”

ಎಣಿಸುತ್ತೇವೆ. ಸಹಜೀಕೃತ ಪೌರತ್ವ ಎಂದು ನಾನು ಪೌರನೀತಿ ಪಾಠದಲ್ಲಿ ವರ್ಷಾನುಗಟ್ಟಲೆ ಹೇಳಿಕೊಟ್ಟ ವಿಷಯ ಅದು. ಆಗ ಅದು ಪರೀಕ್ಷೆಯ ಎರಡು ಅಂಕದ ಪ್ರಶ್ನೆ ಮಾತ್ರ ಆಗಿತ್ತು. 1955ರ ಪೌರತ್ವ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ಲೆಕ್ಕವಿದೆ. ಅರ್ಜಿಗೆ ಮುಂಚಿನ 12 ತಿಂಗಳು ಬಿಡದೆ ಇಲ್ಲಿರಬೇಕು, ಅದಕ್ಕೂ ಹಿಂದಿನ 14 ವರ್ಷದಲ್ಲಿ ಒಟ್ಟು 11 ವರ್ಷ ಇದ್ದಿರಬೇಕು. ಆ 12 ತಿಂಗಳಲ್ಲಿ ವಿಶೇಷ ಕಾರಣವಿದ್ದರೆ 30 ದಿನದವರೆಗೆ ರಿಯಾಯಿತಿ ಕೊಡಲು 2015ರ ತಿದ್ದುಪಡಿ ದಾರಿ ಮಾಡಿದೆ. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಗಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಆರು ಸಮುದಾಯದವರಿಗೆ 11ರ ಬದಲು 5 ವರ್ಷ ಸಾಕೆಂದದ್ದು 2019ರ ತಿದ್ದುಪಡಿ. ನನಗೆ ಬಹಳ ಇಷ್ಟವಾದದ್ದು ಇನ್ನೊಂದು ಷರತ್ತು. ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಒಂದಾದರೂ ಅರ್ಜಿದಾರನಿಗೆ ತಕ್ಕಷ್ಟು ಬರಬೇಕು. ಹಿಂದಿಯೇ ಬೇಕೆಂದಿಲ್ಲ. ನಿಪ್ಪಾಣಿ ಸಂತೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಕಲಿತವನು ಆ ಬಲದ ಮೇಲೆ ಭಾರತೀಯನಾಗಬಹುದು.

“ಅಂದ್ರ ನಮ್ಮ ಹಾಲಿನವನ ಸಂಗಾಟ ಜಗಳಾಡಾಕ ಬಂದ್ರ ಸಾಕಲ್ರಿ” ಎಂದು ವೈನಿ ನಕ್ಕರು. ದಾದಾ ಹೋದ ಮೇಲೆ ನಾನು ಕಂಡ ಮೊದಲ ನಗೆ ಅದು.

ನಾನು ಮಕ್ಕಳನ್ನು ಪ್ರವಾಸಕ್ಕೆಂದು ಒಮ್ಮೆ ಮುಂಡಗೋಡದ ಟಿಬೆಟನ್ ಕ್ಯಾಂಪಿಗೆ ಕರೆದೊಯ್ದಿದ್ದೆ. 1966ರಿಂದ ಇರುವ ನೆಲೆ ಅದು, ಬೈಲಕುಪ್ಪೆಯದು ಅದಕ್ಕಿಂತ ಹಳೆಯದು. ಸ್ವೆಟರ್ ಮಾರುತ್ತಿದ್ದ ಅಜ್ಜಿಯೊಬ್ಬರು ನಮ್ಮ ಮಕ್ಕಳ ಜೊತೆ ಅಚ್ಚ ಧಾರವಾಡ ಕಡೆಯ ಕನ್ನಡದಲ್ಲಿ ಮಾತಾಡಿದರು. ಅರ್ಧ ಶತಮಾನ ಇಲ್ಲಿ ಬಾಳಿದವರಲ್ಲೂ ಹಲವರು ಇಂದಿಗೂ ನೋಂದಣಿ ಪತ್ರ ನವೀಕರಿಸುತ್ತ ಇರುತ್ತಾರೆ, ಹೊರದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟಿನ ಬದಲು ಗುರುತಿನ ಪ್ರಮಾಣಪತ್ರ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚೆ ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಎಂಬ ಮಾತು ಟಿಬೆಟನ್ನರಿಗೂ ಅನ್ವಯಿಸುತ್ತದೆ ಎಂದು ನಮ್ಮ ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ಕಾಯಿದೆಯಲ್ಲಿ ಮೊದಲಿಂದ ಇದ್ದ ಮಾತನ್ನು ಪಡೆಯಲೂ ಒಬ್ಬ ಮನುಷ್ಯ ಕೋರ್ಟಿಗೆ ಹೋಗಬೇಕಾಯಿತು ಎಂಬುದು ನನ್ನ ಮನಸ್ಸಿನಲ್ಲಿ ಉಳಿದಿದೆ.

ಮಕ್ಕಳಷ್ಟೇ ಏಕೆ, ಈ ಎಣಿಕೆಗೆ ಮುದುಕರೂ ಸಿಕ್ಕಿದ್ದಾರೆ. ಅಥಣಿಯಲ್ಲಿ ನನ್ನ ಜೊತೆ ಟಿಸಿಎಚ್ ಮಾಡಿದ ಗೆಳತಿಯೊಬ್ಬಳಿದ್ದಾಳೆ. ಮಗ ಅಮೆರಿಕದ ಪೌರನಾದ ಮೇಲೆ ಅವಳಿಗೂ ಗ್ರೀನ್ ಕಾರ್ಡ್ ಮಾಡಿಸಿದ. ಅಲ್ಲಿ ಐದು ವರ್ಷ ಗ್ರೀನ್ ಕಾರ್ಡಿನ ಮೇಲೆ ವಾಸ, ಅದರಲ್ಲಿ ಕನಿಷ್ಠ 30 ತಿಂಗಳು ಖುದ್ದು ಆ ನೆಲದ ಮೇಲೆ ಇರಬೇಕು. ಅದಕ್ಕಿಂತ ಬಿಗಿಯಾದದ್ದು ಒಂದೇ ಸಲ ಹೊರಗಿರುವ ಅವಧಿಯ ನಿಯಮ. ಆರು ತಿಂಗಳು ಮೀರಿದರೆ ವಾಸ ಕಡಿಯಿತು ಎಂದೇ ಹಿಡಿಯುತ್ತಾರೆ, ಇಲ್ಲ ಎಂದು ಪುರಾವೆ ಕೊಟ್ಟು ತೋರಿಸುವ ಹೊಣೆ ನಮ್ಮದು. ವರ್ಷ ತುಂಬಿದರೆ ಕಡಿದೇ ಹೋಯಿತು. ನನ್ನ ಗೆಳತಿ ದ್ರಾಕ್ಷಿಬಳ್ಳಿ ಸವರುವ ಚಾಟ್ನಿಗೆಂದು ಬಂದವಳು ಸುಗ್ಗಿಯವರೆಗೆ ಇದ್ದುಬಿಟ್ಟಳು. ಎಂಟು ತಿಂಗಳು. ಅಲ್ಲಿಗೆ ಮರಳಿದಾಗ ನಿಲ್ದಾಣದಲ್ಲಿ ಅವಳನ್ನು ಕೂರಿಸಿ, ನೀವು ಇಲ್ಲಿ ವಾಸಿಸುವವರೋ ಅಲ್ಲಿ ವಾಸಿಸುವವರೋ ಎಂದು ಕೇಳಿದರಂತೆ. “ಖರೆ ಹೇಳಬೇಕಂದ್ರ ನನಗ ಗೊತ್ತಿರಲಿಲ್ಲ ಕಣವ್ವಾ” ಎಂದಳು ಫೋನಿನಲ್ಲಿ. ಅವಳು ಈಗ ಪೌರತ್ವದ ಆಸೆ ಬಿಟ್ಟಿದ್ದಾಳೆ. ತೋಟ ಅವಳನ್ನು ಬಿಡಲಿಲ್ಲ.

ವೈನಿಗೆ ನಿಜವಾಗಿ ಕೇಳಬೇಕಿದ್ದ ಪ್ರಶ್ನೆ ಬೇರೆ ಇತ್ತು. ಅದು ಹೊರಬರಲು ಇನ್ನೂ ಎರಡು ದಿನ ಹಿಡಿಯಿತು.

“ಅಲ್ಲಿಯವ ಆದ ಮ್ಯಾಲ, ಇಲ್ಲಿಯವ ಅಲ್ಲ ಹೌದಲ್ರಿ?”

ಹೌದು ಎಂದೆ. ಸುಳ್ಳು ಹೇಳಿ ಸಮಾಧಾನ ಮಾಡಬಾರದು. ನಮ್ಮ ಕಾಯಿದೆಯ 9ನೆಯ ಕಲಂ ಪ್ರಕಾರ ತಾನಾಗಿ ಬೇರೆ ದೇಶದ ಪೌರತ್ವ ಪಡೆದವನ ಭಾರತದ ಪೌರತ್ವ ಅಲ್ಲಿಗೇ ಮುಗಿಯುತ್ತದೆ. ಪಾಸ್‌ಪೋರ್ಟ್ ತಿರುಗಿ ಒಪ್ಪಿಸಬೇಕು. 2022ನೇ ಇಸವಿ ಒಂದರಲ್ಲೇ 2,25,620 ಮಂದಿ ಹೀಗೆ ಬಿಟ್ಟುಕೊಟ್ಟರು ಎಂದು ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಬದಲಿಗೆ ಸಾಗರೋತ್ತರ ನಾಗರಿಕ ಎಂಬ ಓಸಿಐ ಕಾರ್ಡ್ ಸಿಗುತ್ತದೆ. ವೀಸಾ ಇಲ್ಲದೆ ಬರಬಹುದು, ಎಷ್ಟು ದಿನವಾದರೂ ಇರಬಹುದು. ಮತ ಹಾಕುವಂತಿಲ್ಲ, ಸರ್ಕಾರಿ ನೌಕರಿ ಸಾಮಾನ್ಯವಾಗಿ ಇಲ್ಲ, ಸಾಗುವಳಿ ಜಮೀನು ಕೊಳ್ಳುವಂತಿಲ್ಲ.

“ಹೊಲಾ?” ವೈನಿಯ ಕೈ ಬಳ್ಳಿಯಲ್ಲೇ ನಿಂತಿತು.

“ಕೊಳ್ಳಾಕ ಬರೂದಿಲ್ಲ. ಅಪ್ಪನಿಂದ ಬಂದದ್ದನ್ನ ಇಟಗೊಳ್ಳಾಕ ಬರತೈತಿ.”

ವಾರಸಾ ಹಕ್ಕಿನಿಂದ ಬಂದ ಜಮೀನಿಗೆ ಅಡ್ಡಿಯಿಲ್ಲ ಎಂಬುದನ್ನು ಅವರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ದಾದಾ ಬಿಟ್ಟು ಹೋದ ಮೂರೂವರೆ ಎಕರೆ ಅವರ ಕಣ್ಣ ಮುಂದಿತ್ತು. ಆಮೇಲೆ ನಾನು ಇನ್ನೊಂದನ್ನು ಹೇಳಿದೆ, ಏಕೆಂದರೆ ಬಾಗಿಲು ಪೂರ್ತಿ ಮುಚ್ಚಿಲ್ಲ ಎಂಬುದು ತಾಯಿಗೆ ತಿಳಿದಿರಬೇಕು. ಓಸಿಐ ಆಗಿ ಐದು ವರ್ಷ ಕಳೆದು, ಅರ್ಜಿಗೆ ಮುಂಚೆ 12 ತಿಂಗಳು ಇಲ್ಲಿ ನೆಲೆಸಿದರೆ ಮತ್ತೆ ಭಾರತದ ಪೌರನಾಗಲು ಕೇಳಿಕೊಳ್ಳಬಹುದು.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ದೇಶವೊಂದು ತನ್ನವನಾಗಲು ಬಂದವನನ್ನು ಇಷ್ಟು ವರ್ಷ ನನ್ನ ಜೊತೆ ಬಾಳಿ ತೋರಿಸು ಎಂದು ಕೇಳುವುದು ನ್ಯಾಯವೇ. ಒಬ್ಬಿಬ್ಬರ ಮುಖ ನೋಡಿ ಕೊಡುವುದಕ್ಕಿಂತ ದಿನ ಎಣಿಸಿ ಕೊಡುವುದೇ ಲೇಸು, ಬಡವನಿಗೂ ಸಾಹುಕಾರನಿಗೂ ಒಂದೇ ಅಳತೆ. ಆದರೆ ಹೆತ್ತವರ ಸಾವಿನ ದಿನಗಳನ್ನು ಆ ಎಣಿಕೆಯಿಂದ ತೆಗೆಯಬೇಕು. ಬ್ರಿಟನ್ನಿನ ಅಧಿಕಾರಿಗಳಿಗೆ ಸ್ವಲ್ಪ ಸಡಿಲಿಕೆಯ ಅಧಿಕಾರವಿದೆ. ಉಳಿದ ಷರತ್ತು ಸರಿಯಿದ್ದರೆ ಕೊನೆಯ ವರ್ಷದಲ್ಲಿ 100 ದಿನದವರೆಗೆ, ಐದು ವರ್ಷದಲ್ಲಿ 480ರವರೆಗೆ ಸಾಮಾನ್ಯವಾಗಿ ಮನ್ನಿಸುತ್ತಾರೆ, ತಕ್ಕ ಕಾರಣವಿದ್ದರೆ ಅದಕ್ಕೂ ಮೇಲೆ ವಿಚಾರಿಸುತ್ತಾರೆ. ಆದರೆ ಅದು ಅವರ ಮರ್ಜಿ, ನಮ್ಮ ಹಕ್ಕಲ್ಲ. ಹಿಂದಿರುಗಿಸದ ದೊಡ್ಡ ಫೀ ಕಟ್ಟಿ ಇನ್ನೊಬ್ಬರ ಮರ್ಜಿಯ ಮೇಲೆ ಕೂರಲು ಆ ಹುಡುಗ ಹೆದರಿದ. ನಾನಾಗಿದ್ದರೂ ಹೆದರುತ್ತಿದ್ದೆ. ತಂದೆಯ ತಿಂಗಳ ಎಡೆಗೆ ಇರುವುದು ಹಕ್ಕಾಗಿ ಬರೆದಿರಬೇಕಾದ ಮಾತು.

ಸೆಪ್ಟೆಂಬರಿನಲ್ಲಿ ಅವನ ಫೋನ್ ಬಂತು. ಅರ್ಜಿಯಲ್ಲಿ ಐದು ವರ್ಷದ ಪ್ರತಿ ಪ್ರಯಾಣದ ತಾರೀಖು ಬರೆಯಬೇಕು, ಹಳೆಯ ಪಾಸ್‌ಪೋರ್ಟ್ ಊರಲ್ಲೇ ಉಳಿದಿದೆ, ಅದರ ಮೊಹರುಗಳ ಫೋಟೊ ಬೇಕು ಎಂದ. ವೈನಿ ಟ್ರಂಕು ತೆಗೆದರು. ಕಬ್ಬಿನ ಪಾವತಿಗಳು, ಉತಾರ, ದಾದಾನ ಕನ್ನಡಕ, ಇವುಗಳ ಅಡಿಯಲ್ಲಿ ಮೂಲೆ ಕತ್ತರಿಸಿದ ಪಾಸ್‌ಪೋರ್ಟ್. ಬೇಲಿಯ ಮೇಲಿಂದ ನನ್ನ ಕೈಗೆ ದಾಟಿಸಿದರು. ಮುಂಬೈ ನಿಲ್ದಾಣದ ಮೊಹರೊಂದು ಎಷ್ಟು ಮಸುಕಾಗಿ ಬಿದ್ದಿತ್ತೆಂದರೆ ತಿಂಗಳು ಓದಲು ಬರುತ್ತಿರಲಿಲ್ಲ.

“ತಾರೀಖ ಬೇಕೇನ್ರಿ? ತಡೀರಿ.”

ಒಳಗೆ ಹೋಗಿ 2020ರ ಕಾಲನಿರ್ಣಯ ಕ್ಯಾಲೆಂಡರ್ ತಂದರು. ಹಳೆಯ ಕಾಲನಿರ್ಣಯಗಳನ್ನು ಅವರು ಎಸೆಯುವುದಿಲ್ಲ, ಸೊಸೈಟಿಯ ಲೆಕ್ಕಕ್ಕೆಂದು ಗೂಟಕ್ಕೆ ಕಟ್ಟಿಟ್ಟಿರುತ್ತಾರೆ. ಒಂದೊಂದು ಚೌಕದಲ್ಲೂ ಪೆನ್ಸಿಲಿನಲ್ಲಿ ಹಾಲಿನ ಲೆಕ್ಕ. ಫೆಬ್ರುವರಿ ತುಂಬ ಒಂದು, ಒಂದು, ಒಂದು. ಮಾರ್ಚ್ 7ರ ಶನಿವಾರದಿಂದ ಒಂದೂವರೆ. ಮಗ ಬಂದ ದಿನದಿಂದ ಅರ್ಧ ಲೀಟರ್ ಹೆಚ್ಚು. ಪುಟ ತಿರುವಿದರೆ ಏಪ್ರಿಲ್, ಮೇ, ಜೂನ್, ಜುಲೈ, ಎಲ್ಲ ಒಂದೂವರೆ. ಆಗಸ್ಟ್ 19ಕ್ಕೆ ಕೊನೆ. 20ರಿಂದ ಮತ್ತೆ ಒಂದು.

ಇಬ್ಬರೂ ಬೆರಳಿಟ್ಟು ಎಣಿಸಿದೆವು. 165 ಆಯಿತು. ಇನ್ನೊಮ್ಮೆ ಎಣಿಸಿದೆವು. ಮತ್ತೆ 165. ಅವನ ಪಟ್ಟಿಯಲ್ಲಿ 166 ಎಂದೆ. ವೈನಿ ಮಾರ್ಚ್ ಪುಟಕ್ಕೆ ಮರಳಿದರು. 22ರ ಭಾನುವಾರದ ಚೌಕ ಖಾಲಿ ಇತ್ತು.

“ಅವತ್ತ ಹಾಲಿನವ ಬಂದಿರಲಿಲ್ಲ. ಕರ್ಫ್ಯೂ. ಅಪ್ಪ ಮಗ ಕರಿ ಚಾ ಕುಡದ ಅಟ್ಟದ ಮ್ಯಾಲ ಗಂಟಿ ಬಾರ್ಸಿದ್ರು.”

ಆ ಪುಟಗಳ ಫೋಟೊ ತೆಗೆದು ಅವನಿಗೆ ಕಳಿಸಿದೆ. ಬಹಳ ಹೊತ್ತು ಉತ್ತರ ಬರಲಿಲ್ಲ. ಆಮೇಲೆ ತಾಯಿಗೆ ಫೋನ್ ಮಾಡಿದ. ನಾನು ಬೇಲಿ ಬಿಟ್ಟು ಒಳಗೆ ಬಂದೆ.

ಅವನು ನವೆಂಬರಿನಲ್ಲಿ ಅರ್ಜಿ ಹಾಕಿದ. ಉಳಿಸಿಟ್ಟ 12 ದಿನ ಬಳಕೆಗೆ ಬರಲಿಲ್ಲ, ವೈನಿ ಚೆನ್ನಾಗಿದ್ದರು. 24 ಪ್ರಶ್ನೆಯ ಪರೀಕ್ಷೆಯನ್ನು, 18 ಸರಿ ಮಾಡಿದರೆ ಪಾಸಾಗುವಂಥದ್ದನ್ನು, ಮೊದಲೇ ಮುಗಿಸಿದ್ದ. 2024ರಲ್ಲಿ ಅಲ್ಲಿಯ ಕೌನ್ಸಿಲ್ ಸಭಾಂಗಣದಲ್ಲಿ ಪ್ರಮಾಣವಚನ. ವೈನಿ ಮೊಬೈಲಿನಲ್ಲಿ ನೋಡಿದರು. ಮುಗಿದ ಮೇಲೆ ಅವನು ಥೇಮ್ಸ್ ದಂಡೆಯಲ್ಲಿರುವ ಬಸವಣ್ಣನವರ ಮೂರ್ತಿಯ ಹತ್ತಿರ ನಿಂತು ಫೋಟೊ ತೆಗೆಸಿಕೊಂಡು ಕಳಿಸಿದ. 2015ರಲ್ಲಿ ಅನಾವರಣಗೊಂಡ ಮೂರ್ತಿ ಅದು. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿ ಕಡೆಯ ನೀರಜ ಪಾಟೀಲರು ಪಟ್ಟು ಹಿಡಿದು ನಿಲ್ಲಿಸಿದ್ದು. ಆ ಫೋಟೊ ಈಗ ದಾದಾನ ಫೋಟೊದ ಪಕ್ಕದಲ್ಲಿದೆ.

ಅವನ ಹಿಂದೆ ಹೋದ ಹುಡುಗರ ದಾರಿ ಇನ್ನೂ ಉದ್ದವಾಗುವ ಸೂಚನೆ ಇದೆ. 2025ರ ಮೇ ತಿಂಗಳಲ್ಲಿ ಬ್ರಿಟನ್ ಸರ್ಕಾರ ಕಾಯಂ ವಾಸಕ್ಕೆ ಐದರ ಬದಲು ಸಾಮಾನ್ಯವಾಗಿ ಹತ್ತು ವರ್ಷ ಕಾಯಿಸುವ ಪ್ರಸ್ತಾವ ಮುಂದಿಟ್ಟಿತು. ನಿಪ್ಪಾಣಿಯ ಇಬ್ಬರು ಹುಡುಗಿಯರು ನರ್ಸಿಂಗ್ ಮುಗಿಸಿ ಹೊರಟು ನಿಂತಿದ್ದಾರೆ. ಅವರಿಗೆ ನಾನು ಒಂದೊಂದು ವಹಿ ಕೊಟ್ಟಿದ್ದೇನೆ, ಹೋದ ತಾರೀಖು ಬಂದ ತಾರೀಖು ಬರೆದಿಡಲು, ಮತ್ತು ಹಳೆಯ ಪಾಸ್‌ಪೋರ್ಟ್ ಎಸೆಯಬೇಡಿ ಎಂದು ಹೇಳಿದ್ದೇನೆ.

2024ರ ದೀಪಾವಳಿಗೆ ವೈನಿಯ ಮಗ ಬಂದ. ಓಸಿಐ ಕಾರ್ಡು ತೋರಿಸಿದ, ಹೆಂಡತಿ ಮಗುವನ್ನು ಕರೆತಂದಿದ್ದ, ಕಬ್ಬು ಕಡಿಯುವ ಗ್ಯಾಂಗು ಬರುವವರೆಗೆ ಇದ್ದ. ಇಷ್ಟೇ ದಿನ ಎಂದು ಯಾರೂ ಕೇಳುವಂತಿರಲಿಲ್ಲ. ಅವನು ಹೋದ ಮರುದಿನ ವೈನಿ ಬೇಲಿಗೆ ಬಂದರು, ಎಳೆಯ ಕಾಯಿ ನೋಡಿ ನೋಡಿ ಹರಿದರು.

“ಎಷ್ಟ ದಿನಾ ಇದ್ದನ್ರಿ ಈ ಸರ್ತಿ?” ಎಂದೆ.

“ಎಣಿಸಿಲ್ರಿ ಅಕ್ಕೋರ” ಎಂದರು. “ಹಾಲ ಬರದಿಟ್ಟೇನಿ. ಈ ಸರ್ತಿ ಎರಡ ಲೀಟರ.”